ಹನ್ನೊಂದು ಗಂಟೆಯ ಪಾಳಿ

ಸರ್ಕಾರಿ ಕಾಗದಗಳಲ್ಲಿ ಅದರ ಹೆಸರು ‘ಶ್ವಾಸಪಾಲ’. ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಅದನ್ನು ಎದೆಯಲ್ಲಿಟ್ಟುಕೊಂಡವರು ಮಾತ್ರ ಒಂದು ದಿನವೂ ಹಾಗೆ ಕರೆದಿಲ್ಲ. ಅವರಿಗೆ ಅದು ಬಿಲ್ಲೆ. ಎಡ ಎದೆಯ ಮೇಲ್ಭಾಗದಲ್ಲಿ, ಚರ್ಮದ ಒಳಗೆ, ರವೆ ಉಂಡೆಯನ್ನು ಚಪ್ಪಟೆ ಮಾಡಿದಷ್ಟು ಗಾತ್ರದ ಒಂದು ಲೋಹದ ತಟ್ಟೆ. ಅದು ಉಸಿರನ್ನು ಅಳೆಯುತ್ತದೆ, ನಾಡಿಯನ್ನು ಎಣಿಸುತ್ತದೆ, ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ನೋಡುತ್ತದೆ, ಬೇಕಾದಾಗ ಔಷಧಿ ಬಿಡುತ್ತದೆ. ಮತ್ತು ಕಂಡದ್ದನ್ನೆಲ್ಲ ದಾವಣಗೆರೆಯ ನಮ್ಮ ಕೋಣೆಗೆ ವರದಿ ಮಾಡುತ್ತದೆ. ಚಾಡಿ ಹೇಳುವುದರಲ್ಲಿ ಅದನ್ನು ಮೀರಿಸುವವರಿಲ್ಲ.

ಆ ಕೋಣೆಯಲ್ಲಿ ಬೆಳಗಿನ ಪಾಳಿಯ ತಂತ್ರಜ್ಞ ನಾನು, ಬಕ್ಕೇಶ. ಮೊದಲು ಇಪ್ಪತ್ತು ವರ್ಷ ಇಸಿಜಿ ತೆಗೆಯುತ್ತಿದ್ದೆ. ಈಗ ಆರು ಜಿಲ್ಲೆಗಳ ಮುನ್ನೂರ ಅರವತ್ತು ಎದೆಗಳು ನನ್ನ ಎದುರಿನ ಗೋಡೆಯ ಮೇಲೆ ಮುನ್ನೂರ ಅರವತ್ತು ಗೆರೆಗಳಾಗಿ ಹರಿಯುತ್ತವೆ. ಹೆಸರಿಲ್ಲ, ನಂಬರು ಮಾತ್ರ. ಎಲ್ಲರೂ ದೀರ್ಘಕಾಲದ ಬ್ರಾಂಕೈಟಿಸ್‌ನವರು. ಹತ್ತಿ ಗಿರಣಿಯವರು, ಕಲ್ಲು ಕ್ವಾರಿಯವರು, ಸೌದೆ ಒಲೆ ಊದಿ ಊದಿ ಎದೆ ಕೆಡಿಸಿಕೊಂಡವರು, ಮಂಡಕ್ಕಿ ಭಟ್ಟಿಯವರು. ಅಷ್ಟು ಜನರ ಉಸಿರಿನ ಮಧ್ಯೆ ಕುಳಿತಿದ್ದರೂ ಆ ಕೋಣೆಯಲ್ಲಿ ಎಂಟು ಗಂಟೆ ಕಾಲ ಕೇಳುವುದು ಏಸಿಯ ಸದ್ದು ಒಂದೇ.

ಬಿಲ್ಲೆಯೊಳಗೆ ಎರಡು ಪುಟ್ಟ ತೊಟ್ಟಿಗಳಿವೆ. ಮೊದಲನೆಯದರ ಔಷಧಿ ಶ್ವಾಸನಾಳದ ಸುತ್ತ ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆ. ಕೆಲವೇ ನಿಮಿಷದಲ್ಲಿ ಗಾಳಿ ಒಳಗೆ ಇಳಿಯುತ್ತದೆ. ಆದರೆ ಆ ನಾಳದ ಬಾಗಿಲಿಗೆ ಯಾವ ಬೀಗವೋ ಹೃದಯದ ಬಾಗಿಲಿಗೂ ಹೆಚ್ಚುಕಡಿಮೆ ಅಂಥದೇ ಬೀಗ. ಕೀಲಿ ಅಲ್ಲಿಯೂ ತಿರುಗುತ್ತದೆ. ನಾಡಿ ಓಡುತ್ತದೆ, ಕೈ ನಡುಗುತ್ತದೆ. ಇನ್ನೊಂದು ವಿಚಿತ್ರವೂ ಇದೆ. ಔಷಧಿ ರಕ್ತನಾಳಗಳನ್ನೂ ಹಿಗ್ಗಿಸುವುದರಿಂದ, ಕಫ ಕಟ್ಟಿ ಗಾಳಿಯೇ ಬಾರದ ಮೂಲೆಗಳಿಗೂ ರಕ್ತ ಹೋಗಿ ಬರಿಗೈಯಲ್ಲಿ ವಾಪಸು ಬರುತ್ತದೆ. ಎದೆ ಹಗುರಾಯಿತು ಎಂದು ರೋಗಿ ಸಮಾಧಾನಪಡುವ ಹೊತ್ತಿಗೆ ಆಮ್ಲಜನಕ ಎರಡು ಮೂರು ಅಂಕ ಇಳಿದಿರುವುದೂ ಉಂಟು. ಎರಡನೇ ತೊಟ್ಟಿಯದು ನಿಧಾನದ ಔಷಧಿ. ನಾಳವನ್ನು ಬಿಗಿಮಾಡು ಎಂದು ನರ ಕೊಡುವ ಆಜ್ಞೆಯನ್ನೇ ಅದು ತಡೆಯುತ್ತದೆ. ಬಾಯಿ ಒಣಗುತ್ತದೆ, ಹೃದಯದ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ಆದರೆ ಉಸಿರು ಕಟ್ಟಿದ ಗಳಿಗೆಗೆ ಅದರಿಂದ ಉಪಯೋಗವಿಲ್ಲ.

ಆದ್ದರಿಂದ ಬಿಲ್ಲೆಗೆ ಎರಡು ನಿಯಮ ಕಲಿಸಿದ್ದಾರೆ. ಉಸಿರು ಹತ್ತು ಸೆಕೆಂಡಿಗಿಂತ ಹೆಚ್ಚು ನಿಂತರೆ ನಾಳ ಮುಚ್ಚಿದೆ ಎಂದುಕೊಂಡು ಮೊದಲ ತೊಟ್ಟಿ ತೆರೆಯಬೇಕು. ನಾಡಿ ನೂರಮೂವತ್ತು ದಾಟಿದರೆ ಅದೇ ತೊಟ್ಟಿಗೆ ಎಂಟು ಗಂಟೆ ಬೀಗ ಹಾಕಬೇಕು. ಈ ಜನವರಿಯಿಂದ ಇನ್ನೊಂದು ಸೇರಿದೆ, ಒಂದು ತಿಂಗಳಲ್ಲಿ ಹತ್ತಕ್ಕಿಂತ ಹೆಚ್ಚು ಸಲ ಬೀಗ ಬಿದ್ದರೆ ಆ ಹೃದಯ ಔಷಧಿಯನ್ನು ತಡೆಯುವುದಿಲ್ಲ ಎಂದು ಅರ್ಥ. ಸಮಿತಿ ಬಿಲ್ಲೆಯನ್ನು ತೆಗೆಸಿ, ಕಾಯುತ್ತಿರುವ ಮುಂದಿನವರಿಗೆ ಕೊಡುತ್ತದೆ. ಕಾಗದದ ಮೇಲೆ ನೋಡಿದರೆ ತಪ್ಪು ಹುಡುಕಲಾಗದ ನಿಯಮಗಳು.

ಜನವರಿಯಲ್ಲಿ ನಲವತ್ತೊಂದನೇ ಗೆರೆಗೆ ಹನ್ನೊಂದನೇ ಸಲ ಬೀಗ ಬಿತ್ತು. ಫೆಬ್ರವರಿ ಐದಕ್ಕೆ ಬಿಲ್ಲೆ ತೆಗೆಯುವುದೆಂದು ಪತ್ರ ಹೋಯಿತು.

ಆ ಗೆರೆಯನ್ನು ನಾನು ಮೊದಲಿನಿಂದ ಬಲ್ಲೆ. ಬೆಳಿಗ್ಗೆ ಪಾಪ, ತನ್ನಷ್ಟಕ್ಕೆ ತಾನು ಹರಿಯುತ್ತಿರುತ್ತದೆ. ಹನ್ನೊಂದು ಗಂಟೆಗೆ ಸರಿಯಾಗಿ ಕೆಡುತ್ತದೆ. ಹದಿನಾಲ್ಕು ಸೆಕೆಂಡು ಉಸಿರು ಪೂರ್ತಿ ನಿಲ್ಲುತ್ತದೆ. ಆಮೇಲೆ ಹದಿನಾಲ್ಕು ಸೆಕೆಂಡು ತುಂಡು ತುಂಡಾದ ಉಸಿರು. ಮತ್ತೆ ನಿಲ್ಲುತ್ತದೆ. ಬಿಲ್ಲೆ ಗಾಬರಿಯಾಗಿ ಔಷಧಿ ಸುರಿಯುತ್ತದೆ, ಮತ್ತೆ ಸುರಿಯುತ್ತದೆ. ಹನ್ನೊಂದೂಕಾಲಿಗೆ ನಾಡಿ ನೂರಮೂವತ್ತೆಂಟು, ಬೀಗ. ಸಂಜೆ ಆರರ ಸುಮಾರಿಗೆ ಥಂಡಿ, ಧೂಳು ಇಳಿದು ನಿಜವಾಗಿ ಎದೆ ಬಿಗಿದಾಗ ತೊಟ್ಟಿ ಮುಚ್ಚಿರುತ್ತದೆ. ಸಂಜೆ ಪಾಳಿಯ ದಾಖಲೆಯಲ್ಲಿ ಆ ಒಂದು ಗಂಟೆಯ ಗೆರೆಯನ್ನು ನೋಡಿದರೆ ನನಗೇ ಮುಂದಕ್ಕೆ ಬಾಗಿ ಕೂರಬೇಕು ಅನಿಸುತ್ತದೆ.

ರೋಗ ಗಡಿಯಾರ ನೋಡಿಕೊಂಡು ಬರುವುದಿಲ್ಲ. ಅದೂ ಭಾನುವಾರ, ಹಬ್ಬ ಎನ್ನದೆ ಹನ್ನೊಂದಕ್ಕೆ ಬರುವುದಿಲ್ಲ. ಹಾಗೆಂದು ಡಾಕ್ಟರ್ ನಳಿನಾಕ್ಷಿಯವರಿಗೆ ಹೇಳಿದೆ. ಅವರು ನಮ್ಮ ಯೋಜನೆಯ ಮುಖ್ಯಸ್ಥೆ. ಒಳ್ಳೆಯವರು, ಆದರೆ ಅಂಕಿ ಕೊಡದೆ ಹೋದರೆ ಮಳೆ ಬರುತ್ತಿದೆ ಎಂದರೂ ನಂಬುವವರಲ್ಲ.

“ಹನ್ನೊಂದು ಗಂಟೆಗೆ ಏನು ಮಾಡ್ತಾರೆ ಅಂತ ಕೇಳಿದ್ರಾ?” ಎಂದರು.

“ಫೋನ್ ಮಾಡಿದೆ ಮೇಡಂ. ಸುಮ್ನೆ ಕೂತಿರ್ತೀನಿ ಅಂತಾರೆ.”

“ಸುಮ್ಮನೆ ಕೂತವರ ಉಸಿರು ಹಾಗೆ ನಿಲ್ಲಲ್ಲ ಬಕ್ಕೇಶ್.”

ಅದು ನನಗೂ ಗೊತ್ತಿತ್ತು. ಆ ದಿನ ಮನೆಗೆ ಬಂದು ಅನ್ನಕ್ಕಿಟ್ಟೆ. ಮನೆ ಅಂದರೆ ಮಹಡಿಯ ಮೇಲಿನ ಒಂದು ಕೋಣೆ, ಒಂದು ಅಡುಗೆ ಕಟ್ಟೆ. ಮದುವೆ ಯಾಕೋ ಕೂಡಿಬರಲಿಲ್ಲ, ಅಮ್ಮ ಹೋಗಿ ಆರು ವರ್ಷವಾಯಿತು. ಕುಕ್ಕರಿನ ಎದುರು ನಿಂತು ಹದಿನಾಲ್ಕು ಸೆಕೆಂಡು ಉಸಿರು ಹಿಡಿದು ನೋಡಿದೆ. ಅಂಥ ಕಷ್ಟವೇನಲ್ಲ. ಬೇಕೆಂದರೆ ಹಿಡಿಯಬಹುದು ಎಂದು ಆಗ ಹೊಳೆಯಿತು.

ಭಾನುವಾರ ರಜೆ. ನಂಬರಿನ ಹಿಂದಿನ ವಿಳಾಸ ತೆಗೆದುಕೊಂಡು ಹೊರಟೆ.

ದಾವಣಗೆರೆಯದೇ ಹಳೇ ಭಟ್ಟಿ ಓಣಿ ಅದು. ಒಂಬತ್ತು ವರ್ಷದ ಹಿಂದೆ ಅಲ್ಲಿ ಸಾಲಾಗಿ ನಲವತ್ತು ಮಂಡಕ್ಕಿ ಭಟ್ಟಿಗಳಿದ್ದವು. ಉರಿಸಲು ಭತ್ತದ ಹೊಟ್ಟು ಸಾಲದಾದಾಗ ಟೈರಿನ ಚೂರು ಹಾಕುತ್ತಿದ್ದರು. ಆ ಹೊಗೆ ಊರ ಮೇಲೆಲ್ಲ ಕರಿ ಹಾಸುತ್ತಿತ್ತು. ಈಗ ಮಂಡಕ್ಕಿಯನ್ನು ಯಂತ್ರ ಹುರಿಯುತ್ತದೆ, ಕರೆಂಟಿನಲ್ಲಿ, ಊರ ಹೊರಗೆ. ಓಣಿಯಲ್ಲಿ ಉಳಿದಿರುವುದು ತಣ್ಣಗಾದ ಒಲೆಗಳು ಮತ್ತು ಅದೇ ಒಲೆಗಳ ಪಕ್ಕದ ಒಂದೊಂದು ಕೋಣೆಯ ಮನೆಗಳು. ಬಾಗಿಲಲ್ಲಿ ಕೂತಿದ್ದ ಹೆಂಗಸಿಗೆ ಐವತ್ತೆಂಟು ವರ್ಷ ಎಂದು ನನ್ನ ಕಾಗದ ಹೇಳುತ್ತಿತ್ತು. ನೋಡಿದರೆ ಎಪ್ಪತ್ತು.

“ಬಿಲ್ಲೆ ತಗಿಯಾಕ್ ಬಂದ್ರೇನು? ಐದನೇ ತಾರೀಕು ಅಂತ ಬರದಿದ್ರಲ್ಲ,” ಎಂದರು ಹಾಲಮ್ಮ. ದನಿ ಜಗಳದ್ದಾಗಿರಲಿಲ್ಲ.

“ತೆಗೆಯೋಕಲ್ಲ. ನೋಡೋಕೆ ಬಂದೆ. ಫೋನ್ ಮಾಡ್ತೀನಲ್ಲ, ಬಕ್ಕೇಶ.”

“ಓ, ಸುಮ್ನೆ ಕುಂದುರ್ರಿ ಸುಮ್ನೆ ಕುಂದುರ್ರಿ ಅಂತೀರಲ್ಲ, ನೀವೇನಾ? ಬರ್ರಿ. ದನಿ ಕೇಳಿ ದಪ್ಪಗಿರ್ತೀರ ಅಂದ್ಕಂಡಿದ್ದೆ.”

ಚಹಾ ಕೊಟ್ಟರು. ಬಿಲ್ಲೆ ಹಾಕುವ ಮೊದಲು ಕೊಡಪಾನ ಎತ್ತುವುದಿರಲಿ, ಒಂದು ವಾಕ್ಯ ಪೂರ್ತಿ ಮಾತಾಡಲು ಆಗುತ್ತಿರಲಿಲ್ಲವಂತೆ. ಕೂಗಿದರೆ ಕೇಳಿಸಿಕೊಳ್ಳುವವರೂ ಮನೆಯಲ್ಲಿರಲಿಲ್ಲ. ಗಂಡ ತೀರಿ ಇಪ್ಪತ್ತು ವರ್ಷ, ಮಕ್ಕಳಿಲ್ಲ. ಬಿಲ್ಲೆ ಬಂದ ಮೇಲೆ ನಲ್ಲಿಗೆ ಹೋಗುತ್ತಾರೆ, ಓಣಿಯ ತುದಿಯವರೆಗೆ ನಡೆಯುತ್ತಾರೆ, ಅಂಗಡಿಯವನೊಂದಿಗೆ ಜಗಳ ಆಡುತ್ತಾರೆ. ‘ಐದನೇ ತಾರೀಕಿಂದ ಜಗಳನೂ ಇಲ್ಲ’ ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಹನ್ನೊಂದಾಯಿತು. ಹಾಲಮ್ಮ ಮಾತು ನಿಲ್ಲಿಸಿದರು. ಪಕ್ಕದ ಸತ್ತ ಒಲೆಯ ಕಡೆ ಮುಖ ಮಾಡಿ ಕೂತು, ಕಣ್ಣು ಮುಚ್ಚಿ, ಬಾಯಿ ಬಿಗಿದುಕೊಂಡರು. ಮುಂದಕ್ಕೆ ಚಾಚಿದ ಕೈ ಏನನ್ನೋ ತಳ್ಳುವಂತಿತ್ತು. ಹದಿನಾಲ್ಕು ಸೆಕೆಂಡು. ಆಮೇಲೆ ಉಸಿರು ಬಿಟ್ಟು, ಮುಖವನ್ನು ಬಾಗಿಲ ಕಡೆ ತಿರುಗಿಸಿ ಗಟ್ಟಿಯಾಗಿ ಎಣಿಸಿದರು, ಒಂದು, ಎರಡು, ಮೂರು, ಹನ್ನೆರಡರವರೆಗೆ. ಮತ್ತೆ ಒಲೆಯ ಕಡೆ ತಿರುಗಿ ಉಸಿರು ಹಿಡಿದರು. ನಾನು ಬಾಯಿ ತೆರೆದರೆ ಕೈ ಅಡ್ಡ ಮಾಡಿದರು. ಆರೇಳು ಸುತ್ತು ಆಗುವಷ್ಟರಲ್ಲಿ ಬಿಲ್ಲೆ ತನ್ನ ಕೆಲಸ ಮಾಡಿತ್ತು. ಅವರ ಬೆರಳುಗಳು ನಡುಗತೊಡಗಿದವು, ಕುತ್ತಿಗೆಯ ನರ ಕುಣಿಯುವುದು ಕಾಣುತ್ತಿತ್ತು. ಅಷ್ಟಾದರೂ ಬಿಡಲಿಲ್ಲ. ಕೊನೆಗೆ ಒಂದು ದೊಡ್ಡ ಕೆಮ್ಮು ಬಂತು, ಕಫ ಸಲೀಸಾಗಿ ಹೊರಗೆ ಬಂತು.

“ಆತು,” ಎಂದರು. “ಇದನ್ನ ಮಾಡಲಿಲ್ಲಂದ್ರೆ ದಿನಾ ಪೂರ್ತಿ ಎದಿಯಾಗೆ ಗೊರ ಗೊರ.”

“ಇದೇನು ಇದು?”

“ಪಾಳಿ.”

ಆಮೇಲೆ ಹೇಳಿದರು. ಅವರದು ಎರಡು ಬಾಯಿಯ ಒಲೆ. ಒಂದು ಬಾಯಿಗೆ ಹಾಲಮ್ಮ, ಇನ್ನೊಂದಕ್ಕೆ ಜೈನಾಬಿ. ಒಂದೇ ಒಲೆಯ ಮುಂದೆ ಇಪ್ಪತ್ತೆರಡು ವರ್ಷ ಜೋಡಿ. ದಿನದಲ್ಲಿ ಎರಡನೇ ಸಲ ಒಲೆ ಹೊತ್ತಿಸುವುದು ಹನ್ನೊಂದಕ್ಕೆ. ಬಾಯಿಗೆ ಹೊಟ್ಟು ತಳ್ಳಿದ ಕೂಡಲೇ ಕಪ್ಪು ಹೊಗೆ ಮುಖಕ್ಕೆ ನುಗ್ಗುತ್ತದೆ, ಹನ್ನೆರಡು ಎಣಿಸುವಷ್ಟು ಹೊತ್ತು ಇರುತ್ತದೆ. ತಳ್ಳಿದವಳು ಕಣ್ಣು ಮುಚ್ಚಿ ಉಸಿರು ಹಿಡಿಯಬೇಕು. ಜೊತೆಯವಳು ಮುಖ ಆಚೆ ತಿರುಗಿಸಿ ಗಟ್ಟಿಯಾಗಿ ಎಣಿಸಬೇಕು. ಹನ್ನೆರಡು ಕೇಳಿದ ಮೇಲೆ ಬಿಡಬಹುದು. ಆಮೇಲೆ ಅವಳ ಪಾಳಿ, ಇವಳ ಎಣಿಕೆ.

“ನೀವೇ ಮನಸ್ಸಿನಲ್ಲಿ ಎಣಿಸಿಕೊಂಡರೆ ಆಗಲ್ವಾ?”

ಹಾಲಮ್ಮ ನನ್ನನ್ನು ಏನೂ ತಿಳಿಯದವನನ್ನು ನೋಡುವಂತೆ ನೋಡಿದರು. “ತನ್ನ ಉಸಿರು ತಾನು ಎಣಿಸ್ಕೋಬಾರ್ದು. ಭಟ್ಟಿಯಾಗೆ ಯಾರೂ ಎಣಿಸ್ಕಳಲ್ಲ. ಎಣಿಸ್ಕಂಡ್ರೆ ಮುಗೀತದೆ ಅಂತ. ಬ್ಯಾರೆಯೋರು ಎಣಿಸ್ಬೇಕು.”

“ಈಗ ಯಾರು ಎಣಿಸ್ತಾರೆ?”

“ಆಕಿ ದನಿ ತಲಿಯಾಗೆ ಐತಲ್ರೀ. ಏಳರ ತನಕ ನಮ್ಮಂಗೆ ಎಣಿಸಾಕಿ. ಆಮೇಲೆ ಆಠ್, ನೌ, ದಸ್ ಅಂತ ತನ್ನ ಭಾಷಿಗೆ ಹೋಗಾಕಿ. ಎಷ್ಟು ಬೈದ್ರೂ ಬಿಡಲಿಲ್ಲ. ನಾನು ಹಿಡಿದಾಗ ಆಕಿ ಎಣಿಸ್ತಾಳೆ. ನಾನು ಎಣಿಸಿದಾಗ ಆಕಿ ಹಿಡೀತಾಳೆ. ಅಂತ ಅಂದ್ಕಂತೀನಿ.”

ಜೈನಾಬಿ ಎಲ್ಲಿದ್ದಾರೆಂದು ಕೇಳಿದೆ. ಗೊತ್ತಿಲ್ಲವೆಂದರು. ಭಟ್ಟಿ ಮುಚ್ಚುವ ಮೊದಲು ಹೊಗೆಯ ಬಗ್ಗೆ ವಿಚಾರಣೆ ನಡೆದಿತ್ತು. ಓಣಿಯವರು ಯಾರೂ ಬಾಯಿ ಬಿಡಬಾರದೆಂದು ಮಾತಾಗಿತ್ತು. ಹಾಲಮ್ಮ ಹೋಗಿ ಟೈರು ಸುಡುವುದನ್ನು ಅಧಿಕಾರಿಯ ಮುಂದೆ ಹೇಳಿದರು. ತಿಂಗಳೊಳಗೆ ನಲವತ್ತೂ ಒಲೆ ಆರಿದವು. ಜೈನಾಬಿ ಒಂದು ಮಾತೂ ಆಡದೆ ಟ್ರಂಕು ಹೊತ್ತುಕೊಂಡು ಊರು ಬಿಟ್ಟರು.

“ಆಕಿ ಕೆಮ್ಮಿದಾಗ ಸೆರಗಿನಾಗೆ ರಕ್ತ ಕಂಡಿದ್ದೆ ಸಾರ್. ಆಕಿ ಮುಚ್ಚಿಟ್ಕಂಡಿದ್ಲು. ಒಲೆ ಇರೋತನ ಆಕಿ ಬಿಡಾಕಿ ಅಲ್ಲ. ಅದ್ಕೇ ಹೇಳ್ದೆ. ಆಕಿಗೆ ಅದು ಗೊತ್ತಿಲ್ಲ. ನಾನು ಊರಿಗೆ ಒಳ್ಳೆಯಾಕಿ ಆಗಾಕೆ ಹೇಳ್ದೆ ಅಂದ್ಕಂಡಾಳೆ.” ನನ್ನ ಚಹಾದ ಲೋಟ ಎತ್ತಿಟ್ಟು, “ನಿಮ್ಮ ಮನಿಯಾಗೆ ಯಾರ್ಯಾರು ಅದಾರೆ?” ಎಂದು ಕೇಳಿದರು.

ಯಾರೂ ಇಲ್ಲ ಎಂದೆ.

“ಹಂಗಾರೆ ನಿಮಗ್ಯಾರು ಎಣಿಸ್ತಾರೆ?”

ನನಗೇನು ಭಟ್ಟಿಯೇ ಹೊಗೆಯೇ ಎಂದು ನಗಾಡಿ ಎದ್ದೆ. ದಾರಿಯುದ್ದಕ್ಕೂ ಆ ಪ್ರಶ್ನೆ ಬಿಡಲಿಲ್ಲ.

ಸೋಮವಾರ ಹನ್ನೊಂದಕ್ಕೆ ಎರಡು ನಿಮಿಷ ಇರುವಾಗ ಮೇಜಿನ ಮೇಲಿನ ಗುಂಡಿ ಒತ್ತಿ ನಲವತ್ತೊಂದರ ಮೊದಲ ತೊಟ್ಟಿಯನ್ನು ನನ್ನ ಕೈಯಾರೆ ಮುಚ್ಚಿದೆ. ಹಾಗೆ ಮಾಡಲು ನನಗೆ ಅಧಿಕಾರವಿರಲಿಲ್ಲ. ನನ್ನ ಊಹೆ ತಪ್ಪಾಗಿ, ನಾಳ ನಿಜವಾಗಿ ಮುಚ್ಚಿದ್ದರೆ ಆ ಹೆಂಗಸು ನನ್ನಿಂದ ಸಾಯುತ್ತಿದ್ದರು. ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಗೆರೆಯನ್ನೇ ನೋಡುತ್ತಾ ಕೂತೆ. ಹದಿನಾಲ್ಕು ಸೆಕೆಂಡು ನಿಂತಿತು, ಹದಿನಾಲ್ಕು ಸೆಕೆಂಡು ಎಣಿಸಿತು. ಈಗ ಗೊತ್ತಾಗಿತ್ತಲ್ಲ, ಆ ತುಂಡು ಉಸಿರು ಒಂದೊಂದೂ ಒಂದೊಂದು ಅಂಕಿ. ನಾಡಿ ನೂರೆಂಟು ದಾಟಲಿಲ್ಲ. ಹನ್ನೊಂದೂವರೆಗೆ ಕೆಮ್ಮು ಬಂತು. ಆಮ್ಲಜನಕ ಎಂಬತ್ತೊಂಬತ್ತರಿಂದ ತೊಂಬತ್ತೆರಡಕ್ಕೆ ಏರಿತು. ಆ ಸಂಜೆ ತೊಟ್ಟಿಗೆ ಬೀಗವಿರಲಿಲ್ಲ, ಬೇಕಾದ ಹೊತ್ತಿಗೆ ಎರಡು ಹನಿ ಬಿತ್ತು, ಗೆರೆ ಸಮಾಧಾನವಾಗಿ ಹರಿಯಿತು.

ಡಾಕ್ಟರ್ ನಳಿನಾಕ್ಷಿಯವರು ಮೊದಲು ಬೈದರು. ಬೈಯಬೇಕಾದದ್ದೇ. ಆಮೇಲೆ ಅಂಕಿಗಳನ್ನು ಎರಡು ಸಲ ಓದಿದರು.

“ಉಸಿರು ಹಿಡಿದಾಗ ಗಾಳಿ ಕಫದ ಹಿಂದಕ್ಕೆ ಹೋಗಿ ಅದನ್ನ ತಳ್ಳುತ್ತೆ. ಫಿಸಿಯೋಥೆರಪಿಯವರು ಕಲಿಸೋದು ಇದನ್ನೇ. ಇವರು ಒಲೆ ಮುಂದೆ ಕಲಿತಿದ್ದಾರೆ. ನಮ್ಮ ಬಿಲ್ಲೆ ಅದನ್ನ ಕಾಯಿಲೆ ಅಂತ ತಿಳಿದು ಔಷಧಿ ಸುರಿದು ಹೃದಯ ಕೆಡಿಸ್ತಾ ಇದೆ.” ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಆದರೆ ಒಬ್ಬರ ಒಂದು ದಿನದ ಲೆಕ್ಕ ಸಮಿತಿ ಒಪ್ಪಲ್ಲ. ಇಂಥವರು ಇನ್ನೊಬ್ಬರು ಸಿಗ್ತಾರಾ ನೋಡಿ.”

ಗಣಕಕ್ಕೆ ಆ ಹದಿನಾಲ್ಕು ಸೆಕೆಂಡಿನ ಮಾದರಿ ಕೊಟ್ಟು, ಮುನ್ನೂರ ಅರವತ್ತು ಗೆರೆಗಳಲ್ಲಿ ಹುಡುಕು ಎಂದೆ. ಒಂದೇ ಒಂದು ಸಿಕ್ಕಿತು. ಇನ್ನೂರ ತೊಂಬತ್ತಾರು. ಹೊಸಪೇಟೆ. ಹೆಣ್ಣು, ಅರವತ್ತೊಂದು ವರ್ಷ, ಮೊದಲಿನ ಕೆಲಸ ಮಂಡಕ್ಕಿ ಭಟ್ಟಿ. ಅವರು ರಕ್ತದೊತ್ತಡಕ್ಕೆಂದು ಹೃದಯದ ವೇಗ ತಗ್ಗಿಸುವ ಮಾತ್ರೆ ತಿನ್ನುತ್ತಿದ್ದರು. ಎಷ್ಟು ಔಷಧಿ ಸುರಿದರೂ ನಾಡಿ ನೂರಮೂವತ್ತು ಮುಟ್ಟುತ್ತಿರಲಿಲ್ಲ. ಬೀಗ ಬಿದ್ದಿರಲಿಲ್ಲ, ಎಚ್ಚರಿಕೆಯ ಗಂಟೆಯೂ ಬಾರಿಸಿರಲಿಲ್ಲ. ಹಾಗಾಗಿ ದಿನಾ ನನ್ನ ಕಣ್ಣೆದುರೇ ಹರಿದರೂ ನಾನು ನೋಡಿರಲಿಲ್ಲ.

ಎರಡು ಗೆರೆಗಳನ್ನು ಒಂದರ ಮೇಲೊಂದು ಇಟ್ಟೆ. ನಲವತ್ತೊಂದು ಉಸಿರು ಹಿಡಿದಲ್ಲಿ ಇನ್ನೂರ ತೊಂಬತ್ತಾರು ಎಣಿಸುತ್ತಿತ್ತು. ಇದು ಎಣಿಸಿದಲ್ಲಿ ಅದು ಹಿಡಿಯುತ್ತಿತ್ತು. ಕೆಲವು ದಿನ ಹತ್ತು ಸೆಕೆಂಡು ಹಿಂದೆ ಮುಂದೆ, ಕೆಲವು ದಿನ ಕೂದಲು ತೂರದಷ್ಟು ಸರಿ. ಮಧ್ಯೆ ನೂರೈವತ್ತು ಕಿಲೋಮೀಟರು. ಒಂಬತ್ತು ವರ್ಷದಿಂದ ಒಬ್ಬರಿಗೆ ಇನ್ನೊಬ್ಬರು ಬದುಕಿರುವುದೇ ಗೊತ್ತಿಲ್ಲ. ಗೊತ್ತಿದ್ದದ್ದು ಈ ಗೋಡೆಗೆ, ಈಗ ನನಗೆ. ನನಗೆ ಅಳು ಬಂತು. ಕೋಣೆಯಲ್ಲಿ ಯಾರೂ ಇರಲಿಲ್ಲವಾದ್ದರಿಂದ ತಡೆಯಲಿಲ್ಲ.

“ಒಳ್ಳೇದಾಯ್ತು,” ಎಂದರು ಡಾಕ್ಟರ್. ಅವರಿಗೆ ಕಂಡದ್ದು ಬೇರೆ. “ಹೋಲಿಕೆ ಸಿಕ್ತು. ನಲವತ್ತೊಂದಕ್ಕೆ ಹನ್ನೊಂದರಿಂದ ಹನ್ನೊಂದೂವರೆ ತೊಟ್ಟಿ ಮುಚ್ಚಿ. ಇನ್ನೂರ ತೊಂಬತ್ತಾರನ್ನ ಮುಟ್ಟಬೇಡಿ, ಈಗ ಹೇಗಿದೆಯೋ ಹಾಗೇ ಇರಲಿ. ಹದಿನಾಲ್ಕು ದಿನದ ವ್ಯತ್ಯಾಸ ತೋರಿಸಿದ್ರೆ ಸಮಿತಿ ನಿಯಮ ತಿದ್ದುತ್ತೆ. ಇಬ್ಬರಿಗೂ ಅನುಕೂಲ. ಎಷ್ಟೋ ತಿಂಗಳಿಂದ ನಡೀತಾ ಇದೆ, ಇನ್ನು ಹದಿನಾಲ್ಕು ದಿನ ತಾನೆ.”

ನಾನು ಹೂಂ ಎಂದೆ. ಯಾರೂ ನನ್ನ ಕುತ್ತಿಗೆಯ ಮೇಲೆ ಕೈ ಇಟ್ಟು ಹೂಂ ಅನ್ನಿಸಲಿಲ್ಲ. ನನಗೆ ಹಾಲಮ್ಮನ ಬಿಲ್ಲೆ ಉಳಿಯಬೇಕಿತ್ತು, ಉಳಿಸಲು ಇನ್ನೊಂದು ಗೆರೆ ಬೇಕಿತ್ತು.

ಒಬ್ಬ ರೋಗಿಯ ವಿಷಯ ಇನ್ನೊಬ್ಬರಿಗೆ ಹೇಳುವಂತಿಲ್ಲ. ಸೇರುವಾಗ ಸಹಿ ಹಾಕಿದ್ದೇನೆ. ಆದರೂ ಐದನೇ ದಿನ ಹಾಲಮ್ಮನಿಗೆ ಫೋನ್ ಮಾಡಿ, ಸಂಜೆ ಹೇಗಿದೆ ಎಂದು ಕೇಳಿದೆ.

“ಚಲೋ ಐತಿ. ನಿನ್ನೆ ಸಂಜೀಕೆ ಅಂಗಡಿಯೋನ ಜೊತಿ ಅರ್ಧ ತಾಸು ಜಗಳ ಆಡ್ದೆ. ಆತನೇ ಸುಸ್ತಾದ.”

“ಬಿಲ್ಲೆ ಉಳಿಯುತ್ತೆ ಅಂತ ಕಾಣುತ್ತೆ. ನಿಮ್ಮ ಹಾಗೇ ಪಾಳಿ ಮಾಡೋರು ಇನ್ನೊಬ್ಬರು ಸಿಕ್ಕಿದ್ದಾರೆ. ಇಬ್ಬರ ಲೆಕ್ಕ ಸೇರಿಸಿ ತೋರಿಸ್ತೀವಿ.” ಮಾತು ಜಾರಿ ಹೋಗಿತ್ತು.

ಗೋಡೆಯ ಮೇಲೆ ಅವರ ನಾಡಿ ಏರುವುದನ್ನು ನೋಡುತ್ತಿದ್ದೆ. ತೊಂಬತ್ತಾರು, ನೂರನಾಲ್ಕು, ನೂರಹತ್ತು. ಔಷಧಿಯ ಒಂದು ಹನಿಯೂ ಬಿದ್ದಿರಲಿಲ್ಲ.

“ಯಾರು, ಎಲ್ಲಿ ಅಂತ ಕೇಳಂಗಿಲ್ಲ ಅಲ್ಲೇನ್ರಿ?”

“ಕೇಳೋ ಹಾಗಿಲ್ಲ.”

“ಒಂದು ಕೇಳ್ತೀನಿ. ಹನ್ನೊಂದಕ್ಕೆ ಅವರು ಮೊದ್ಲು ಹಿಡೀತಾರಾ, ಎಣಿಸ್ತಾರಾ?”

ಅದನ್ನು ಹೇಳಬಾರದೆಂದು ಯಾವ ಕಾಗದದಲ್ಲೂ ಬರೆದಿರಲಿಲ್ಲ. “ಎಣಿಸ್ತಾರೆ,” ಎಂದೆ.

“ಮೊದಲ್ನೇ ಹೊಗಿ ತೆಳ್ಳಗಿರ್ತತಿ ಸಾರ್. ಆಮೇಲಿಂದೇ ದಪ್ಪ. ಅದ್ಕೇ ಮೊದಲ್ನೇದು ನನಗೆ ಬಿಡಾಕಿ.” ಹಾಲಮ್ಮನ ದನಿ ಸಣ್ಣದಾಗಿತ್ತು. “ಇನ್ನೂ ಬಿಡ್ತಾಳೆ ನೋಡ್ರಿ. ಸಿಟ್ಟು ಇದ್ದಿದ್ರೆ ತಾನೇ ಹಿಡೀತಿದ್ಲು.”

ಆಮೇಲೆ ತನ್ನ ಯೋಚನೆ ಹೇಳಿದರು. ಬಿಲ್ಲೆ ಉಳಿದರೆ, ಬಸ್ಸಿನಲ್ಲಿ ಕೂರುವಷ್ಟು ಕಸುವು ಬಂದರೆ, ಹೋಗುತ್ತಾರಂತೆ. ಊರು ಯಾವುದೆಂದು ನಾನು ಹೇಳುವುದೂ ಬೇಡವಂತೆ. ಜೈನಾಬಿಗೆ ಎಲ್ಲೆಲ್ಲಿ ನೆಂಟರಿದ್ದಾರೆ ಎಂಬುದು ಅವರಿಗೆ ಗೊತ್ತು, ಒಂದೊಂದೇ ಊರು ಹುಡುಕುತ್ತಾರೆ. ಸಿಕ್ಕ ಕೂಡಲೇ ರಕ್ತದ ಸಂಗತಿ ಹೇಳುತ್ತಾರೆ. “ಐದನೇ ತಾರೀಕು ದಾಟಲಿ,” ಎಂದರು.

ಆ ದಿನದಿಂದ ಹನ್ನೊಂದು ಗಂಟೆಗೆ ನನಗೆ ಬೇರೆ ಗೆರೆಗಳು ಕಾಣುತ್ತಿರಲಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಕೂರುತ್ತಿದ್ದೆ. ಇನ್ನೂರ ತೊಂಬತ್ತಾರರಲ್ಲಿ ಎಣಿಕೆ ನಡೆಯುವಾಗ ಏಳಾದ ಮೇಲೆ ಉಸಿರಿನ ತುಂಡುಗಳು ಸ್ವಲ್ಪ ಉದ್ದವಾಗುತ್ತಿದ್ದವು. ಆಠ್, ನೌ, ದಸ್. ನಾನು ಆ ಹೆಂಗಸಿನ ಮುಖ ನೋಡಿದವನಲ್ಲ, ದನಿ ಕೇಳಿದವನಲ್ಲ. ಆದರೂ ಅವರು ಭಾಷೆ ಬದಲಿಸುವ ಜಾಗ ನನಗೆ ಗೊತ್ತಿತ್ತು. ಪಾಳಿ ಮುಗಿಯುವ ಹೊತ್ತಿಗೆ ಅವರ ಆಮ್ಲಜನಕ ಎಂಬತ್ತಾರಕ್ಕೆ ಇಳಿದಿರುತ್ತಿತ್ತು. ಅದನ್ನು ತಪ್ಪದೆ ಬರೆದುಕೊಳ್ಳುತ್ತಿದ್ದೆ. ವ್ಯತ್ಯಾಸ ಹೆಚ್ಚಾದಷ್ಟೂ ಹಾಲಮ್ಮನಿಗೆ ಒಳ್ಳೆಯದು ಎಂದು, ಹೇಳಲು ನಾಚಿಕೆಯಾಗುತ್ತದೆ, ಸಂತೋಷವನ್ನೂ ಪಡುತ್ತಿದ್ದೆ.

ಹನ್ನೊಂದನೇ ದಿನ, ಗುರುವಾರ, ಇನ್ನೂರ ತೊಂಬತ್ತಾರು ಎಂದಿನಂತೆ ಆರನೇ ಸುತ್ತಿನ ಉಸಿರು ಹಿಡಿಯಿತು. ಬಿಲ್ಲೆ ಔಷಧಿ ಬಿಟ್ಟಿತು. ಏಳನೇ ಸುತ್ತಿನಲ್ಲಿ ಮತ್ತೆ ಬಿಟ್ಟಿತು. ಎಂಟನೆಯದರಲ್ಲಿ ನಾಡಿಯ ಗೆರೆ ತಾಳ ತಪ್ಪಿತು. ಇಪ್ಪತ್ತು ವರ್ಷ ಇಸಿಜಿ ನೋಡಿದವನಿಗೆ ಅದೇನೆಂದು ಯಾರೂ ಹೇಳಬೇಕಿರಲಿಲ್ಲ. ತೊಟ್ಟಿ ಮುಚ್ಚಿದೆ, ಹೊಸಪೇಟೆಯ ಆಂಬ್ಯುಲೆನ್ಸಿಗೆ ಕರೆ ಮಾಡಿದೆ, ಅವರ ಮನೆಗೆ ಫೋನ್ ಮಾಡಿದೆ. ಯಾರೋ ಹೆಣ್ಣುಮಗಳು ಎತ್ತಿ, “ದೊಡ್ಡಮ್ಮ ಬಾಗಿಲಲ್ಲಿ ಕೂತು ಏನೋ ಎಣಿಸ್ತಾ ಇದ್ರು,” ಎಂದು ಹೇಳಿ ಓಡಿದಳು. ಗೆರೆ ನಾಲ್ಕು ನಿಮಿಷ ನಡುಗಿತು. ಆಮೇಲೆ ಏರಿಳಿತವಿಲ್ಲದೆ ಚಪ್ಪಟೆಯಾಗಿ ಮಲಗಿತು, ಮತ್ತೆ ಏಳಲಿಲ್ಲ.

ಪಕ್ಕದಲ್ಲಿ ನಲವತ್ತೊಂದು ಇನ್ನೂ ಹಿಡಿಯುತ್ತಿತ್ತು, ಎಣಿಸುತ್ತಿತ್ತು.

ಸಮಿತಿ ಮರುದಿನವೇ ಸೇರಿತು. ಈಗ ಹದಿನಾಲ್ಕು ದಿನದ ಲೆಕ್ಕ ಯಾರೂ ಕೇಳಲಿಲ್ಲ. ನಿಯಮ ತಿದ್ದಿದರು. ರೋಗಿ ತಾನಾಗಿ ಹಿಡಿದ ಉಸಿರನ್ನು ಬಿಲ್ಲೆ ಗುರುತಿಸಬೇಕು, ಆಗ ತೊಟ್ಟಿ ತೆರೆಯಕೂಡದು. ನಲವತ್ತೊಂದರ ಬಿಲ್ಲೆ ತೆಗೆಯುವ ಆದೇಶ ರದ್ದಾಯಿತು. ಡಾಕ್ಟರ್ ನಳಿನಾಕ್ಷಿ ಕಾಗದವನ್ನು ನನಗೆ ಕೊಡುವಾಗ ಕಣ್ಣು ಎತ್ತಲಿಲ್ಲ.

“ತೀರ್ಮಾನ ನನ್ನದು ಬಕ್ಕೇಶ್, ನಿಮ್ಮದಲ್ಲ. ವರದಿಯಲ್ಲಿ ಹಾಗೇ ಬರೆದಿದ್ದೀನಿ,” ಎಂದರು. ಬಾಗಿಲ ತನಕ ಹೋಗಿ ತಿರುಗಿ, “ನಲವತ್ತೊಂದಕ್ಕೆ ಇದೇನೂ ಹೇಳೋ ಹಾಗಿಲ್ಲ. ಗೊತ್ತಲ್ಲ,” ಎಂದರು.

ಗೊತ್ತಿತ್ತು. ಇನ್ನೂ ಒಂದು ಗೊತ್ತಿತ್ತು. ಕೈಗೆ ಎಟುಕುವ ದೂರದಲ್ಲಿ ಅದೇ ಗುಂಡಿ ಇತ್ತು. ಹಾಲಮ್ಮನಿಗೆ ಒತ್ತಿದವನು ಜೈನಾಬಿಗೆ ಒತ್ತಲಿಲ್ಲ. ಜೈನಾಬಿ ಹಿಡಿದ ಉಸಿರಿಗೆ ಎಣಿಕೆ ಮಾಡಬೇಕಾದವನು ನಾನೇ ಆಗಿದ್ದೆ, ನಾನು ಅದನ್ನು ಬರೆದುಕೊಳ್ಳುತ್ತಾ ಕೂತೆ. ಆ ದಿನ ಮನೆಯಲ್ಲಿ ಅಡುಗೆ ಮಾಡಲಿಲ್ಲ. ಮಾತಾಡಬೇಕು ಅನಿಸಿತು. ಫೋನಿನಲ್ಲಿದ್ದ ಹೆಸರುಗಳನ್ನೆಲ್ಲ ಮೇಲಿಂದ ಕೆಳಗೆ ನೋಡಿ ಕೆಳಗಿಟ್ಟೆ.

ಶನಿವಾರ ಆದೇಶದ ಪ್ರತಿ ಹಾಲಮ್ಮನಿಗೆ ತಲುಪಿತು. ಹನ್ನೊಂದಕ್ಕೆ ಒಂದು ನಿಮಿಷ ಇರುವಾಗ ನಾನು ಫೋನ್ ಮಾಡಿದೆ.

“ಕಾಗದ ಬಂತು ಸಾರ್,” ಎಂದರು. ದನಿಯಲ್ಲಿ ಹಬ್ಬವಿತ್ತು. “ಶಿವರಾತ್ರಿ ಕಳೀಲಿ, ಬಸ್ ಹತ್ತೋದೇ. ಮೊದ್ಲು ಹರಿಹರ, ಅಲ್ಲಿ ಆಕಿ ತಂಗಿ ಅದಾಳೆ. ಇರ್ರಿ, ಈಗ ಮಾತಾಡಾಕ್ ಆಗಲ್ಲ, ಒಲಿ ಹೊತ್ತಾತು.”

“ಗೊತ್ತು. ಫೋನ್ ಇಡಬೇಡಿ. ನೀವು ಹಿಡೀರಿ,” ಎಂದೆ.

“ಯಾಕೆ?”

ಏನು ಹೇಳಬಾರದೋ ಅದೊಂದೇ ನನ್ನ ಬಾಯಲ್ಲಿತ್ತು. ಗೋಡೆಯ ಗಡಿಯಾರದಲ್ಲಿ ಹನ್ನೊಂದಾಯಿತು. ನಲವತ್ತೊಂದನೇ ಗೆರೆ ನಿಂತಿತು. ಅಭ್ಯಾಸ, ಅವರು ಹಿಡಿದೇ ಬಿಟ್ಟಿದ್ದರು. ಅದರ ಪಕ್ಕದ ಜಾಗ ಖಾಲಿ ಇತ್ತು.

“ಒಂದು,” ಎಂದೆ. “ಎರಡು. ಮೂರು.” ಖಾಲಿ ಕೋಣೆಯಲ್ಲಿ ನನ್ನ ದನಿ ನನಗೇ ಬೇರೆಯವರದೆಂಬಂತೆ ಕೇಳಿತು. “ನಾಲ್ಕು. ಐದು. ಆರು. ಏಳು.”

ಅಲ್ಲಿ ಒಂದು ಗಳಿಗೆ ನಿಂತೆ. ಎಂಟು ಎಂದರೆ ನಾನು ಬರೀ ಆಸ್ಪತ್ರೆಯವನು. ಏನೂ ಹೇಳಿದ ಹಾಗಾಗುವುದಿಲ್ಲ, ಕೆಲಸವೂ ಉಳಿಯುತ್ತದೆ.

“ಆಠ್,” ಎಂದೆ.

ಗೆರೆ ಅಲ್ಲಾಡಿತು. ಆದರೆ ಉಸಿರು ಬಿಡಲಿಲ್ಲ.

“ನೌ. ದಸ್. ಗ್ಯಾರಾ. ಬಾರಾ.”

ಹಾಲಮ್ಮ ಉಸಿರು ಬಿಟ್ಟರು. ಅದು ಫೋನಿನಲ್ಲೂ ಕೇಳಿಸಿತು, ಗೋಡೆಯ ಮೇಲೂ ಕಾಣಿಸಿತು. ಮುಂದಿನ ಎಣಿಕೆ ಶುರುವಾಗಬೇಕಾದ ಹೊತ್ತು ಹಾಗೇ ಹೋಯಿತು. ನಾಡಿ ನೂರಿಪ್ಪತ್ತು ಮುಟ್ಟಿ ನಿಧಾನವಾಗಿ ಇಳಿಯಿತು. ಜೈನಾಬಿ ಯಾವಾಗ ಹೋದರು ಎಂದು ಅವರು ಕೇಳಲಿಲ್ಲ. ಹೇಗೆ ಎಂದೂ ಕೇಳಲಿಲ್ಲ. ಕೇಳಿದ್ದರೆ ಎಲ್ಲವನ್ನೂ ಹೇಳಿಬಿಡುತ್ತಿದ್ದೆ, ಗುಂಡಿಯ ವಿಷಯವನ್ನೂ.

“ಈಗ ನೀವು ಹಿಡೀರಿ,” ಎಂದರು ಕೊನೆಗೆ.

“ನಾನಾ?”

“ಮತ್ಯಾರು. ಪಾಳಿ ಅಂದ್ರೆ ಪಾಳಿ. ಕಣ್ಣು ಮುಚ್ರಿ.”

ಕಣ್ಣು ಮುಚ್ಚಿದೆ, ಬಾಯಿ ಬಿಗಿದೆ. ದಾವಣಗೆರೆಯ ಆ ಓಣಿಯಿಂದ, ಆರಿಹೋದ ಒಲೆಯ ಪಕ್ಕದಿಂದ ಹಾಲಮ್ಮ ನನಗಾಗಿ ಗಟ್ಟಿಯಾಗಿ ಎಣಿಸತೊಡಗಿದರು. ಒಂಬತ್ತಕ್ಕೆ ಅವರ ದನಿ ಒಡೆಯಿತು. ಆದರೂ ಹನ್ನೆರಡರವರೆಗೂ ಎಣಿಸಿದರು.